ಆಸ್ಪತ್ರೆಯ ದಾಖಲೆಗೆ ಬಾರದ ರೋಗಿಗಳು

ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬಳ ಕಣ್ಣಿಗೆ ಪೊರೆ ಬಂದಿದೆ ಎಂದಿಟ್ಟುಕೊಳ್ಳೋಣ. ಶಸ್ತ್ರಚಿಕಿತ್ಸೆಗೆ ಅರ್ಧ ಗಂಟೆ ಸಾಕು, ಅದಕ್ಕೆ ಹಣವನ್ನೂ ಕೊಡಬೇಕಿಲ್ಲ. ಆದರೂ ಅವಳು ಹೋಗಿಲ್ಲ. 'ಈ ವಯಸ್ಸಿನಾಗ ಕಣ್ಣು ಕಂಡು ಏನ್ ಮಾಡೂದೈತಿ?' ಎನ್ನುತ್ತಾಳೆ. ಆಸ್ಪತ್ರೆಯ ದಾಖಲೆಯಲ್ಲಿ ಅವಳ ಹೆಸರಿಲ್ಲ. ಆದ್ದರಿಂದ ಲೆಕ್ಕದ ಪ್ರಕಾರ ಅವಳಿಗೆ ರೋಗವೂ ಇಲ್ಲ. ಹೀಗೆ ಅಗತ್ಯವಿದ್ದೂ ಚಿಕಿತ್ಸೆ ದೊರೆಯದಿರುವುದನ್ನು 'ಪೂರೈಕೆಯಾಗದ ಆರೋಗ್ಯ ಅಗತ್ಯ' ಎನ್ನುತ್ತಾರೆ.

ಬಂದವರನ್ನು ಎಣಿಸಿ ಬಾರದವರ ಸಂಖ್ಯೆಯನ್ನು ತಿಳಿಯಲಾಗದು. ಮನೆಮನೆಗೆ ಹೋಗಿ ಕೇಳಬೇಕು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 71ನೇ ಸುತ್ತಿನಲ್ಲಿ (2014) ಚಿಕಿತ್ಸೆ ಪಡೆಯದ ಗ್ರಾಮೀಣರು ಹೆಚ್ಚಾಗಿ ಕೊಟ್ಟ ಕಾರಣ, 'ಕಾಯಿಲೆ ಗಂಭೀರವೆನಿಸಲಿಲ್ಲ' ಎಂಬುದು. ಈ ಉತ್ತರವನ್ನು ಇದ್ದಂತೆಯೇ ಸ್ವೀಕರಿಸಲು ನನಗೆ ಮನಸ್ಸಿಲ್ಲ. ದಿನಗೂಲಿ ತಪ್ಪುವ ಭಯವಿದ್ದಾಗ ಯಾವ ಜ್ವರವೂ ಗಂಭೀರವೆನಿಸುವುದಿಲ್ಲ. ಏರಿದ ರಕ್ತದೊತ್ತಡವಂತೂ ಬಹುಕಾಲ ನೋವನ್ನೇ ಕೊಡದು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳು ಮಳೆಯ ಕೊರತೆಯ ನಾಡು. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಈ ನಾಲ್ಕೂ ಸೇರಿದ್ದವು. ಈ ಪಟ್ಟಣಗಳಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 40ರಿಂದ 80 ಕಿ.ಮೀ. ಹಾಗಾದರೆ ದೂರವೇ ಕಾರಣವೇ?

ಮನೆಯಿಂದ ವೈದ್ಯರವರೆಗಿನ ಹಾದಿಯನ್ನು ಒಂದು ವಿದ್ಯುತ್ ಮಂಡಲವೆಂದು ಭಾವಿಸಿ. ಚಿಕಿತ್ಸೆ ಬೇಕೆಂಬ ಅರಿವು, ಮನೆಯವರ ಒಪ್ಪಿಗೆ, ಹಣ, ಬಸ್ಸು, ಆಸ್ಪತ್ರೆಯಲ್ಲಿ ಮಾತನಾಡಿಸುವ ರೀತಿ, ಇವುಗಳಲ್ಲಿ ಒಂದೊಂದೂ ಸರಣಿಯಲ್ಲಿರುವ ಒಂದು ರೋಧವನ್ನು ಒಡ್ಡಬಲ್ಲದು. 1, 2, 3 ಮತ್ತು 14 ಓಮ್‌ಗಳ ರೋಧಕಗಳು ಸರಣಿಯಲ್ಲಿದ್ದರೆ ಒಟ್ಟು 20 ಓಮ್. 2 ಓಮ್‌ನದನ್ನು ಪೂರ್ತಿ ತೆಗೆದರೂ ಪ್ರವಾಹ ಹೆಚ್ಚುವುದು ಒಂಬತ್ತನೇ ಒಂದು ಭಾಗ ಮಾತ್ರ. ಹತ್ತಿರದಲ್ಲಿ ಹೊಸ ಆಸ್ಪತ್ರೆ ಕಟ್ಟಿದರೆ ದೂರವೆಂಬ ಒಂದು ರೋಧ ಕಡಿಮೆಯಾಗುತ್ತದೆ. ನಮ್ಮ ಅಜ್ಜಿಯ 14 ಓಮ್ ಇರುವುದು ಮನೆಯೊಳಗೆ.

ಈ ಹೋಲಿಕೆ ಒಂದು ಕಡೆ ಸೋಲುತ್ತದೆ. (ಭೌತವಿಜ್ಞಾನದವರು ತಮ್ಮ ಹೋಲಿಕೆಗಳನ್ನು ಅತಿಯಾಗಿ ನಂಬುವುದುಂಟು.) ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಮಹಿಳೆಯರಿಗೆ ಹಣ, ದೂರಗಳ ಜೊತೆಗೆ ಅನುಮತಿ ಸಿಗದಿರುವುದು, ಒಬ್ಬಳೇ ಹೋಗಲಾರದಿರುವುದು, ಮಹಿಳಾ ಸಿಬ್ಬಂದಿ ಇಲ್ಲದಿರುವುದು ಇವುಗಳ ಬಗೆಗೂ ಪ್ರಶ್ನೆ ಕೇಳುತ್ತದೆ. ಒಬ್ಬಳೇ ಹೋಗಲಾರದವಳಿಗೆ ತಪ್ಪುವ ಕೂಲಿ ಎರಡಾಳಿನದು. ಇಲ್ಲಿ ರೋಧಗಳು ಕೂಡುವುದಿಲ್ಲ, ಒಂದನ್ನೊಂದು ಗುಣಿಸುತ್ತವೆ. 2018ರ ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಯ ವೆಚ್ಚ ಭರಿಸುತ್ತದೆ, ತಪ್ಪಿದ ಕೂಲಿಯನ್ನಲ್ಲ.

ಸಮಾಂತರ ಜೋಡಣೆಯೂ ಉಂಟು. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ತೆರೆದಿರುವುದು ಬಹುಪಾಲು ಹೊಲದ ಕೆಲಸದ ಹೊತ್ತಿನಲ್ಲೇ. ಪದವಿಯಿಲ್ಲದ 'ಊರ ಡಾಕ್ಟರು' ಸಂಜೆ ಮನೆಗೇ ಬಂದು, ಉದ್ರಿಯಲ್ಲಿ ಇಂಜೆಕ್ಷನ್ ಕೊಡುತ್ತಾನೆ. ರೋಧ ಕಡಿಮೆಯಿರುವ ಕವಲಿನಲ್ಲಿ ಪ್ರವಾಹ ಹೆಚ್ಚುವುದನ್ನು ಮೌಢ್ಯವೆಂದು ಕರೆಯುವುದು ಸರಿಯಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಗುಳೆ. ದೀಪಾವಳಿಯ ಆಸುಪಾಸಿನಲ್ಲಿ ಈ ಭಾಗದ ಅನೇಕ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ ಹೋಗುತ್ತವೆ, ಮರಳುವುದು ಬೇಸಗೆಯಲ್ಲಿ. ಕ್ಷಯರೋಗದ ಸಾಮಾನ್ಯ ಚಿಕಿತ್ಸೆಗೆ 6 ತಿಂಗಳು ಬೇಕು. ಕೆಲವೇ ವಾರಗಳಲ್ಲಿ ಕೆಮ್ಮು, ಜ್ವರ ಇಳಿಯುವುದರಿಂದ ರೋಗಿಗೆ ತಾನು ಗುಣವಾದೆ ಎನಿಸುತ್ತದೆ. ನಡುವೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗಬಹುದು. 'ನಿಕ್ಷಯ್' ಗಣಕ ವ್ಯವಸ್ಥೆಯ ಮೂಲಕ ರೋಗಿಯ ಚಿಕಿತ್ಸೆಯನ್ನು ಬೇರೆ ಜಿಲ್ಲೆಗೆ ವರ್ಗಾಯಿಸಲು ಸಾಧ್ಯ. ಆದರೆ ಹೋಗುವ ಮುನ್ನ ಅವನು ಆಶಾ ಕಾರ್ಯಕರ್ತೆಗೆ ಹೇಳಬೇಕು. ಕ್ಷಯವೆಂದು ತಿಳಿದರೆ ಮುಕಾದಮ ತಂಡದಿಂದ ಕೈಬಿಟ್ಟಾನು ಎಂಬ ಅಂಜಿಕೆ ಬಾಯಿ ಕಟ್ಟುತ್ತದೆ.

ಶಿಕ್ಷಕರು ವಿದ್ಯಾರ್ಥಿಗಳಿಂದ ಇಪ್ಪತ್ತು ಮನೆಗಳ ಪುಟ್ಟ ಸಮೀಕ್ಷೆ ಮಾಡಿಸಬಹುದು. 'ಕಾಯಿಲೆ ಇದೆಯೇ?' ಎಂದು ಕೇಳಿದರೆ 'ಇಲ್ಲ' ಎಂಬ ಉತ್ತರವೇ ಹೆಚ್ಚು. 'ಕಳೆದ ವರ್ಷ ಡಾಕ್ಟರ ಹತ್ತಿರ ಹೋಗಬೇಕೆನಿಸಿಯೂ ಹೋಗದೆ ಉಳಿದದ್ದು ಯಾವಾಗ?' ಎಂದು ಕೇಳಿ. ಹೆಸರು ಬರೆಯಬೇಡಿ. ಮನೆಯ ಹೆಂಗಸರನ್ನು, ಹಿರಿಯರನ್ನು ಬೇರೆಯಾಗಿಯೇ ಮಾತನಾಡಿಸಿ; ಯಜಮಾನ ಎದುರಿಗಿದ್ದರೆ ಉತ್ತರ ಅವನದೇ ಆಗಿರುತ್ತದೆ.