ಬೋರಲು ಮಡಕೆಯ ತೊಡೆದೇವು

ಶಿವಮೊಗ್ಗ ಜಿಲ್ಲೆಯ ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳಿಗೆ ಹುಲ್ಲಿನೊಳಗೆ ಭತ್ತ, ಬೆಲ್ಲ ಸುತ್ತಿ ಕೊಡ್ತಾರೆ. ಇದೇ ಜಿಲ್ಲೆಯ ಸಾಗರದ ಕಡೆಗೆ, ಅಲ್ಲಿಂದ ಶಿರಸಿಗೆ ಹೋದರೆ, ಬೆಲ್ಲದಿಂದ ಮನುಷ್ಯರು ಮಾಡಿಕೊಂಡ ಅದ್ಭುತ ಸಿಗುತ್ತೆ: ತೊಡೆದೇವು. ಆಲೆಮನೆಯ ಜೊತೆಗೇ ಬೆಳೆದ ಸಿಹಿ ಇದು.

ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಕಬ್ಬಿನ ಹಾಲು ಅಥವಾ ಜೋನಿಬೆಲ್ಲ, ಚಿಟಿಕೆ ಅರಿಶಿನ ಬೆರೆಸ್ತಾರೆ. ಹಿಟ್ಟು ನೀರಾಗಿರಬೇಕು.

ಸೌದೆ ಒಲೆ ಮೇಲೆ ಮಡಕೆ ಬೋರಲು! ಕಾದ ಬೆನ್ನಿಗೆ ಎಣ್ಣೆ ಸವರಿ, ಕೋಲಿಗೆ ಸುತ್ತಿದ ತೆಳು ಬಟ್ಟೆಯನ್ನು ಹಿಟ್ಟಲ್ಲಿ ಅದ್ದಿ, ಒಂದೇ ಎಳೆತಕ್ಕೆ ಬಳೀತಾರೆ. ಉರಿ ಜಾಸ್ತಿಯಾದ್ರೆ ಸೀಯುತ್ತೆ, ಕಡಿಮೆಯಾದ್ರೆ ಏಳೋದಿಲ್ಲ. ಈ ಹದ ಕೈಗೇ ಗೊತ್ತು; ನನಗಂತೂ ಇದು ದೊಡ್ಡ ವಿದ್ಯೆ.

ಬಿಸಿ ಇರುವಾಗಲೇ ಎಬ್ಬಿಸಿ ತ್ರಿಕೋನವಾಗಿ ಮಡಚಬೇಕು, ಆರಿದರೆ ಮುರಿಯುತ್ತೆ. ತಿನ್ನುವಾಗ ಮೇಲೆ ತುಪ್ಪ, ಬೇಕಿದ್ದರೆ ಬಿಸಿ ಹಾಲು.