ಹೊಸ ಶವರ್ ವಾಲ್ವ್ ಹಾಕಿಸಿದ್ರೂ ನೀರು ಬರ್ತಿಲ್ವಾ? ಟೈಲ್ಸ್ ಒಡೆಸೋ ಮುಂಚೆ ಇದನ್ನ ನೋಡಿ

ನಂಜನಗೂಡು/ತಿ.ನರಸೀಪುರ: ಕಪಿಲೆ, ಕಾವೇರಿ ಎರಡೂ ಹರಿಯೋ ಸೀಮೆ ನಮ್ಮದು. ಆದ್ರೂ ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಶವರ್‌ನಲ್ಲಿ ತೊಟ್ಟು ನೀರು ಬರಲ್ಲ ಅಂದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಮೊದಲು ಬೈಸಿಕೊಳ್ಳೋದು ಹಾರ್ಡ್‌ವೇರ್ ಅಂಗಡಿಯವರು, ಆಮೇಲೆ ಪ್ಲಂಬರ್. ಕೊನೆಗೆ ಗೋಡೆ ಒಡೆಸೋ ಮಾತು. ಆದರೆ ವಾಲ್ವ್ ಕೆಟ್ಟಿದೆ ಅನ್ನೋದು ಕೊನೆಗೆ ಬರಬೇಕಾದ ಅನುಮಾನ. ನೀರು ಎಲ್ಲಿ ನಿಂತಿದೆ ಅಂತ ಮೊದಲು ಹುಡುಕಿ.

ಅದೇ ಬಾತ್‌ರೂಮಿನ ಬೇರೆ ನಲ್ಲಿ ತಿರುಗಿಸಿ. ಅಲ್ಲೂ ನೀರಿಲ್ಲ ಅಂದ್ರೆ ಟ್ಯಾಂಕ್ ಹತ್ತಿರದ ಗೇಟ್ ವಾಲ್ವ್ ನೋಡಿ. ಕೆಲಸಕ್ಕೆ ಅಂತ ಮುಚ್ಚಿದ್ದನ್ನು ತೆರೆಯೋದೇ ಮರೆತಿರಬಹುದು. ಹಳೇ ವಾಲ್ವ್ ಆದ್ರೆ ಹಿಡಿ ತಿರುಗುತ್ತೆ, ಒಳಗಿನ ತಟ್ಟೆ ಮೇಲೇಳೋದೇ ಇಲ್ಲ.

ಬೇರೆ ನಲ್ಲಿ ಚೆನ್ನಾಗಿದ್ದು ಶವರ್ ಮಾತ್ರ ಬರದಿದ್ರೆ, ಶವರ್ ತಲೆ ಬಿಚ್ಚಿ ನೀರು ಬಿಡಿ. ಪೈಪ್‌ನಿಂದ ಧಾರೆ ಬಂದ್ರೆ ತಲೆಯಲ್ಲೇ ಕಸ ಕಟ್ಟಿದೆ, ತೊಳೆದು ಹಾಕಿ. ಕೆಳಗಿನ ನಲ್ಲಿಗೆ ಬರ್ತಿದೆ, ಮೇಲಕ್ಕೆ ಏರ್ತಿಲ್ಲ ಅಂದ್ರೆ ಡೈವರ್ಟರ್ ಕಡೆ ನೋಡಬೇಕು. ಗೋಡೆಯೊಳಗೆ ಕೂರುವ ಡೈವರ್ಟರ್ ಮೇಲೆ ಬಾಣದ ಗುರುತು ಇರುತ್ತೆ. ತಲೆಕೆಳಗಾಗಿ ಕೂರಿಸಿದ್ರೆ ಗೋಡೆ ಒಡೆಯದೆ ಗತಿ ಇಲ್ಲ, ಅದಕ್ಕೇ ಸಿಮೆಂಟ್ ಮೆತ್ತುವ ಮುಂಚೆ ಆ ಗುರುತು ನೋಡಬೇಕು.

ಎರಡಕ್ಕೂ ನೀರಿಲ್ವಾ? ಲೈನ್ ಮುಚ್ಚಿ, ಗೋಡೆಯ ಹೊರಗೆ ಕೂರುವ ಮಿಕ್ಸರ್ ಆದ್ರೆ ಅದರ ಎರಡು ನಟ್ ಬಿಚ್ಚಿಸಿ, ಕೆಳಗೆ ಬಕೆಟ್ ಇಟ್ಟು ಲೈನ್ ನಿಧಾನಕ್ಕೆ ತೆರೆಸಿ. ಗೋಡೆಯ ಪೈಪ್‌ನಿಂದ ನೀರು ಚಿಮ್ಮಿದ್ರೆ ಅಡ್ಡಿ ಮಿಕ್ಸರ್ ಒಳಗಿದೆ. ಪೈಪ್ ಕೊಯ್ದ ಪುಡಿ, ಸಿಮೆಂಟ್ ಚೂರು, ಟೆಫ್ಲಾನ್ ಟೇಪಿನ ಎಳೆ ಬಂದು ಜಾಲರಿಗೆ ಸಿಕ್ಕಿಕೊಳ್ಳುತ್ತವೆ. ಕಂಪನಿ ಹಾಕಿದ ಪ್ಲಾಸ್ಟಿಕ್ ಮುಚ್ಚಳ ತೆಗೆಯದೆ ಕೂರಿಸಿರೋದೂ ಉಂಟು. ಪೈಪಲ್ಲೇ ನೀರಿಲ್ಲ ಅಂದ್ರೆ ಅಂಗಡಿಯವರ ಮೇಲೆ ರೇಗಿ ಪ್ರಯೋಜನ ಇಲ್ಲ.

ತಣ್ಣೀರು ಬಂದು ಬಿಸಿನೀರು ಮಾತ್ರ ಬರದಿದ್ರೆ ಸೋಲಾರ್ ಲೈನಲ್ಲಿ ಗಾಳಿ ಕಟ್ಟಿರಬಹುದು. ಎಲ್ಲಕ್ಕಿಂತ ಕೆಳಗಿನ ಬಿಸಿನೀರ ನಲ್ಲಿ ತೆರೆದು ಹರಿಯೋಕೆ ಬಿಡಿ, ಗಾಳಿ ಗುಳುಗುಳು ಅಂತ ಹೊರಬರುತ್ತೆ. ಗೀಸರ್ ಇದ್ರೆ ಮೊದಲು ಸ್ವಿಚ್ ಆಫ್ ಮಾಡಿ.

ಇನ್ನು ಪ್ರೆಷರ್ ವಿಚಾರ. ಇದನ್ನ ಅಂಗಡಿಯವರೂ ಗಮನಿಸಬೇಕು. ನೀರು 33 ಅಡಿ ಎತ್ತರದಲ್ಲಿದ್ರೆ ಸುಮಾರು 1 ಬಾರ್ ಪ್ರೆಷರ್ ಸಿಗುತ್ತೆ. ಒಂದೇ ಅಂತಸ್ತಿನ ಮನೆಯಲ್ಲಿ ಟ್ಯಾಂಕನ್ನ ಮೋಲ್ಡ್ ಮೇಲೆ ನೇರವಾಗಿ ಇಟ್ಟಿದ್ರೆ ಟ್ಯಾಂಕಿನ ನೀರಿಗೂ ಶವರ್‌ಗೂ ನಡುವೆ ಇರೋದು 5 ಅಡಿ ಅಂತಲೇ ಇಟ್ಕೊಳ್ಳಿ. ಅಂದ್ರೆ 0.15 ಬಾರ್! ಕನಿಷ್ಠ 0.5 ಬಾರ್ ಬೇಕು ಅಂತ ಡಬ್ಬಿ ಮೇಲೆ ಬರೆದಿರೋ ಡೈವರ್ಟರ್ ತಂದು ಕೂರಿಸಿದ್ರೆ ತೊಟ್ಟಿಕ್ಕದೆ ಇನ್ನೇನು? ಅದು ಕೆಟ್ಟ ಮಾಲಲ್ಲ, ಆ ಮನೆಗೆ ಆಗಿಬರದ ಮಾಲು. ಮಾರುವಾಗ "ಟ್ಯಾಂಕ್ ಎಷ್ಟು ಎತ್ತರದಲ್ಲಿದೆ?" ಅಂತ ಒಂದು ಮಾತು ಕೇಳಿದ್ರೆ ವಾಪಸ್ ಬರೋ ಮಾಲು ಕಡಿಮೆ ಆಗುತ್ತೆ. 10 ಅಡಿ ಸ್ಟ್ಯಾಂಡ್ ಹಾಕಿಸಿದ್ರೆ ಸುಮಾರು 0.3 ಬಾರ್ ಹೆಚ್ಚು ಸಿಗುತ್ತೆ. ಪ್ರೆಷರ್ ಪಂಪ್ ಹಾಕಿಸೋರು ತಣ್ಣೀರಿಗೆ ಮಾತ್ರ ಹಾಕಿಸಬೇಡಿ. ಮಿಕ್ಸರ್‌ನಲ್ಲಿ ತಣ್ಣೀರು ಬಿಸಿನೀರನ್ನ ಹಿಂದಕ್ಕೆ ತಳ್ಳಿ ಇರೋ ಬಿಸಿನೀರೂ ನಿಂತುಹೋಗಬಹುದು.

ಇಷ್ಟೆಲ್ಲ ನೋಡಿದ ಮೇಲೂ ನೀರಿಲ್ಲ ಅಂದ್ರೆ ಬಿಲ್ಲು, ವಾರಂಟಿ ಕಾರ್ಡು ತಗೊಂಡು ಅಂಗಡಿಗೆ ಹೋಗಿ. ಮನೆ ಕಟ್ಟಿಸ್ತಾ ಇರೋರು ಟೈಲ್ಸ್ ಅಂಟಿಸುವ ಮುಂಚೆ ಲೈನಿಗೆ ನೀರು ಬಿಟ್ಟು ಕಸ ಹೊರಹಾಕಿಸಿ, ಪೈಪ್ ಎಲ್ಲೆಲ್ಲಿ ಹೋಗಿದೆ ಅಂತ ಟೇಪ್ ಹಿಡಿದು ಫೋಟೋ ತೆಗೆದಿಟ್ಕೊಳ್ಳಿ.