ಕನ್ನಡಿ ಕಳಚಿಟ್ಟ ಕ್ಯಾಮೆರಾ

ಫಿಲ್ಮ್ ರೋಲು ಸಿಗುವುದೇ ಕಷ್ಟವಾದ ಕಾಲಕ್ಕೆ ಕ್ಯಾಮೆರಾವನ್ನು ಬೀರುವಿಗೆ ಸೇರಿಸಿ, ಆಫೀಸು, ಸಂಸಾರ ಎಂದು ಇಪ್ಪತ್ತು ವರ್ಷ ಕಳೆದವರು ಚೆನ್ನೈಯಲ್ಲಿ ಬಹಳ ಮಂದಿ ಇದ್ದಾರೆ. ಮಕ್ಕಳು ಒಂದು ದಡ ಸೇರಿದ ಮೇಲೆ ಹಳೇ ಹುಚ್ಚು ಮತ್ತೆ ಕೆರಳುತ್ತದೆ. ಅಂಗಡಿಗೆ ಹೋದರೆ ಅಲ್ಲಿ ಮೊದಲು ಕಿವಿಗೆ ಬೀಳುವುದು ಮೆಗಾಪಿಕ್ಸೆಲ್ ಲೆಕ್ಕ, ಆಮೇಲೆ ವಿಡಿಯೊ ಪುರಾಣ. ಎರಡನ್ನೂ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಹಿಡಿದುಕೊಂಡರೆ ಮುಕ್ಕಾಲು ಗೊಂದಲ ಕರಗುತ್ತದೆ: ಕ್ಯಾಮೆರಾ ಒಳಗಿದ್ದ ಕನ್ನಡಿ ಎಲ್ಲಿ ಹೋಯಿತು?

ಮೆಗಾಪಿಕ್ಸೆಲ್ ವಿಷಯ ಬೇಗ ಮುಗಿಸೋಣ. ಆಲ್ಬಮ್ಮಿಗೆ ಅಂಟಿಸುತ್ತಿದ್ದ 6×4 ಇಂಚಿನ ಫೋಟೊವನ್ನು ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಲು ಬೇಕಾದದ್ದು 1800×1200, ಅಂದರೆ ಸುಮಾರು 22 ಲಕ್ಷ ಪಿಕ್ಸೆಲ್. 1999ರಲ್ಲಿ ಬಂದ ನಿಕಾನ್ ಡಿ1 ಕ್ಯಾಮೆರಾದಲ್ಲೇ 27 ಲಕ್ಷ ಇತ್ತು. ಈಗ ಸಾಧಾರಣವಾಗಿರುವ 24 ಮೆಗಾಪಿಕ್ಸೆಲ್‌ನಲ್ಲಿ 20 ಇಂಚು ಅಗಲದ ಚಿತ್ರವನ್ನು ಅಷ್ಟೇ ನಯವಾಗಿ ಮುದ್ರಿಸಬಹುದು. ಗೋಡೆಗೆ ಅದಕ್ಕಿಂತ ದೊಡ್ಡದನ್ನು ನೇತುಹಾಕುವವರು ಎಷ್ಟು ಜನ?

ಈಗ ಕನ್ನಡಿಗೆ ಬರೋಣ. ಹಳೆಯ ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಕೂತಿರುತ್ತಿತ್ತು. ಬೆಳಕು ಅದಕ್ಕೆ ಬಡಿದು ಮೇಲೇರಿ, ಪಟ್ಟಕದಲ್ಲಿ ತಿರುಗಿ ಕಣ್ಣಿಗೆ ಬರುತ್ತಿತ್ತು. ಗುಂಡಿ ಒತ್ತಿದ ಕೂಡಲೇ ಕನ್ನಡಿ ಟಕ್ಕೆಂದು ಮೇಲಕ್ಕೆ ಮಡಚಿಕೊಂಡು ಫಿಲ್ಮಿಗೆ ದಾರಿ ಬಿಡುತ್ತಿತ್ತು. ಮೊದಲ ತಲೆಮಾರಿನ ಡಿಜಿಟಲ್ ಎಸ್‌ಎಲ್‌ಆರ್‌ಗಳು ಫಿಲ್ಮಿನ ಜಾಗದಲ್ಲಿ ಸೆನ್ಸರ್ ಕೂರಿಸಿದವೇ ಹೊರತು ಕನ್ನಡಿಯನ್ನು ಮುಟ್ಟಲಿಲ್ಲ. ಸೆನ್ಸರ್ ತಾನು ಕಂಡದ್ದನ್ನು ಎಡೆಬಿಡದೆ ಪರದೆಗೆ ಕಳಿಸುವಷ್ಟು ಚುರುಕಾದ ಮೇಲೆ ಕನ್ನಡಿಗೆ ಕೆಲಸ ಉಳಿಯಲಿಲ್ಲ. 2008ರಲ್ಲಿ ಪ್ಯಾನಾಸೋನಿಕ್ ಜಿ1 ದಾರಿ ತೋರಿಸಿತು. 2013ರಲ್ಲಿ ಸೋನಿ ಎ7 ಬಂತು. 2018ರಲ್ಲಿ ಕೆನಾನ್, ನಿಕಾನ್ ಕೂಡ ಪೂರ್ಣ ಚೌಕಟ್ಟಿನ ಸೆನ್ಸರ್ ಇಟ್ಟುಕೊಂಡು ಆ ದಾರಿ ಹಿಡಿದವು.

ಕನ್ನಡಿ ಹೋದದ್ದರಿಂದ ಫೋಕಸ್ ಬದಲಾಯಿತು. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸಾಧನ ಕನ್ನಡಿಯ ಕೆಳಗೆ, ತಳದಲ್ಲಿರುತ್ತಿತ್ತು. ಚಿತ್ರ ಮೂಡುವುದು ಹಿಂಬದಿಯ ಸೆನ್ಸರ್ ಮೇಲೆ. ಎರಡು ದಾರಿಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಕಣ್ಣಿಗೆ ಹಿಡಿದ ಫೋಕಸ್ ಕಿವಿಯ ಮೇಲೆ ಕೂರುತ್ತಿತ್ತು. ಈಗ ಚಿತ್ರ ಹಿಡಿಯುವ ಸೆನ್ಸರೇ ಫೋಕಸನ್ನೂ ಅಳೆಯುತ್ತದೆ. ಚಿತ್ರ ಸದಾ ಅದರ ಮುಂದಿರುವುದರಿಂದ ಒಳಗಿನ ಪ್ರೊಸೆಸರು ಮನುಷ್ಯನ ಕಣ್ಣನ್ನೋ ಹಕ್ಕಿಯ ಕಣ್ಣನ್ನೋ ಹುಡುಕಿ ಬೆನ್ನುಹತ್ತಬಲ್ಲದು. ಇದಕ್ಕೆ ತೆರುವ ಬೆಲೆ ಬ್ಯಾಟರಿ. ಡಿಎಸ್‌ಎಲ್‌ಆರ್ ಒಂದು ಚಾರ್ಜಿಗೆ ಸಾವಿರದ ಆಸುಪಾಸು ಚಿತ್ರ ಕೊಟ್ಟರೆ, ಕನ್ನಡಿ ಇಲ್ಲದ ಸಾಧಾರಣ ಮಾಡೆಲ್ಲು ಮುನ್ನೂರು ನಾನೂರಕ್ಕೆ ಸುಸ್ತಾಗುತ್ತದೆ. ಸೆನ್ಸರು, ಒಳಪರದೆ ಎರಡೂ ಸದಾ ಎಚ್ಚರವಾಗಿರಬೇಕಲ್ಲ!

ಮರಳಿ ಬರುವವರಿಗೆ ಇದಕ್ಕಿಂತ ಸಿಹಿ ಸುದ್ದಿ ಇನ್ನೊಂದಿದೆ. ಕನ್ನಡಿ ಅಲುಗಾಡಲು ಜಾಗ ಬೇಕಾದ್ದರಿಂದ ಲೆನ್ಸ್ ಕೂರುವ ಬಳೆಗೂ ಫಿಲ್ಮಿಗೂ ನಡುವೆ ದೊಡ್ಡ ಅಂತರವಿತ್ತು. 1959ರ ನಿಕಾನ್ ಎಫ್‌ನಿಂದ ಮೊದಲಾಗಿ ನಿಕಾನ್ ಎಸ್‌ಎಲ್‌ಆರ್‌ಗಳಲ್ಲಿ ಅದು 46.5 ಮಿಲಿಮೀಟರ್. ಅದೇ ಕಂಪನಿಯ ಕನ್ನಡಿ ಇಲ್ಲದ ಝಡ್ ಸರಣಿಯಲ್ಲಿ ಬರೀ 16. ಉಳಿದ 30.5 ಮಿಲಿಮೀಟರ್ ಜಾಗಕ್ಕೆ ಅಡಾಪ್ಟರ್ ಎಂಬ ಗಾಜಿಲ್ಲದ ಖಾಲಿ ಕೊಳವೆಯೊಂದನ್ನು ಸಿಕ್ಕಿಸಿದರೆ ಹಳೇ ಲೆನ್ಸ್ ತನ್ನ ಹಳೇ ದೂರದಲ್ಲೇ ಕೂತಂತಾಯಿತು. ಅನಂತದವರೆಗೂ ಫೋಕಸ್ ಆಗುತ್ತದೆ. ಸೋವಿಯತ್ ಜೆನಿಟ್, ಪೆಂಟಾಕ್ಸ್, ಯಾಶಿಕಾ, ಯಾವುದರ ಲೆನ್ಸ್ ಆದರೂ ಸರಿ, ಅದಕ್ಕೆ ತಕ್ಕ ಕೊಳವೆ ಇದ್ದರಾಯಿತು.

ಕೆನಾನ್ ಎಇ-1 ಇಟ್ಟುಕೊಂಡಿದ್ದವರ ಪಾಡು ಇದಕ್ಕೆ ಒಳ್ಳೆಯ ಉದಾಹರಣೆ. 1976ರ ಆ ಕ್ಯಾಮೆರಾದ ಎಫ್‌ಡಿ ಲೆನ್ಸ್‌ಗಳಿಗೆ ಬೇಕಿದ್ದ ಅಂತರ 42 ಮಿಲಿಮೀಟರ್. 1987ರಲ್ಲಿ ಕೆನಾನ್ ತಂದ ಇಎಫ್ ವ್ಯವಸ್ಥೆಯದ್ದು 44. ಹಳೇ ಲೆನ್ಸ್ ಎರಡು ಮಿಲಿಮೀಟರ್ ದೂರ ಸರಿಯಿತು, ದೂರದ ಗುಡ್ಡ ಮಸುಕಾಯಿತು, ಲೆನ್ಸ್‌ಗಳೆಲ್ಲ ಅನಾಥವಾದವು. ಕನ್ನಡಿ ಹೋದ ಮೇಲೆ ಅವಕ್ಕೆ ಮರುಜನ್ಮ. ಆದರೆ ಅಪರ್ಚರ್ ಬಳೆಯನ್ನೂ ಫೋಕಸ್ ಬಳೆಯನ್ನೂ ಕೈಯಲ್ಲೇ ತಿರುಗಿಸಬೇಕು. 90ರ ದಶಕದ ನಿಕಾನ್ ಆಟೊಫೋಕಸ್ ಲೆನ್ಸ್ ಇದ್ದವರು ಇನ್ನೊಂದು ಮಾತು ನೆನಪಿಡಬೇಕು. ಅವುಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಮೋಟರಿಲ್ಲ, ಕ್ಯಾಮೆರಾದ ಮೋಟರೇ ತಿರುಪು ತಿರುಗಿಸುತ್ತಿತ್ತು. ನಿಕಾನಿನ ಸ್ವಂತ ಅಡಾಪ್ಟರಿನಲ್ಲಿ ಆ ಮೋಟರಿಲ್ಲ, ಹಾಗಾಗಿ ಅವೂ ಕೈಫೋಕಸ್ಸೇ. ಕೆನಾನಿನ ಇಎಫ್ ಲೆನ್ಸ್‌ಗಳು ಮಾತ್ರ ಅಡಾಪ್ಟರ್ ಹಾಕಿದರೂ ತಾವಾಗಿಯೇ ಫೋಕಸ್ ಮಾಡುತ್ತವೆ.

ಇನ್ನು ಸೆನ್ಸರ್ ಗಾತ್ರ. ಪೂರ್ಣ ಚೌಕಟ್ಟು ಎಂದರೆ ನಮ್ಮ ಹಳೇ ಫಿಲ್ಮಿನ ಅಳತೆ, 36×24 ಮಿಲಿಮೀಟರ್. ಎಪಿಎಸ್-ಸಿ ಸುಮಾರು 23.5×15.6. ಮೈಕ್ರೊ ಫೋರ್ ಥರ್ಡ್ಸ್ 17.3×13. ವಿಸ್ತೀರ್ಣ ಲೆಕ್ಕ ಹಾಕಿದರೆ ಪೂರ್ಣ ಚೌಕಟ್ಟು ಎಪಿಎಸ್-ಸಿಯ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಮೂರನೆಯದರ ಹೆಚ್ಚುಕಡಿಮೆ ನಾಲ್ಕು ಪಟ್ಟು. ಈ ವಿಸ್ತೀರ್ಣಕ್ಕೆ ಬೆಲೆ ಬರುವುದು ಮಂದ ಬೆಳಕಿನಲ್ಲಿ. ಬೆಳಕು ಬಿಡಿ ಬಿಡಿ ಫೋಟಾನುಗಳಾಗಿ, ಅನಿಯತವಾಗಿ ಬರುತ್ತದೆ. ನೂರು ಫೋಟಾನು ಬೀಳಬೇಕಾದಲ್ಲಿ ಹತ್ತರಷ್ಟು ಏರುಪೇರು ಸಹಜ, ಅಂದರೆ ಶೇಕಡ 10. ಹತ್ತು ಸಾವಿರ ಬೀಳುವಲ್ಲಿ ಏರುಪೇರು ನೂರು, ಶೇಕಡ 1 ಮಾತ್ರ. ರಾತ್ರಿಯ ಚಿತ್ರದಲ್ಲಿ ಕಾಣುವ ಮರಳು ಮರಳಾದ ಕಲೆ ಬಹುಪಾಲು ಇದೇ. ಈಗಿನ ಸೆನ್ಸರ್‌ಗಳ ಸ್ವಂತ ಗದ್ದಲ ಎಷ್ಟು ತಗ್ಗಿದೆಯೆಂದರೆ ಉಳಿದಿರುವುದು ಬೆಳಕಿನದೇ ಗದ್ದಲ. ಅದಕ್ಕೆ ಮದ್ದು ಒಂದೇ, ಹೆಚ್ಚು ಬೆಳಕು ಕೂಡಿಹಾಕುವುದು.

ಇಲ್ಲಿ ದುಡ್ಡಿನ ಲೆಕ್ಕ ಶುರು. ಮೈಲಾಪುರದ ಮಾಡಬೀದಿಯಲ್ಲಿ ಪಂಗುನಿ ಉತ್ಸವದ ರಾತ್ರಿ ಕಪಾಲೀಶ್ವರನ ಮೆರವಣಿಗೆ ಹಿಡಿಯಬೇಕು ಅಂದುಕೊಳ್ಳಿ. ಕ್ಯಾಮೆರಾ ಜೊತೆ ಕೊಡುವ ಜೂಮ್ ಲೆನ್ಸಿನ ತೆರಪು ಉದ್ದ ತುದಿಯಲ್ಲಿ ಸಾಮಾನ್ಯವಾಗಿ ಎಫ್ 5.6. ಹಲವು ಕಂಪನಿಗಳ ಪಟ್ಟಿಯಲ್ಲಿ ಅಗ್ಗದ ಸಾಲಿನಲ್ಲಿರುವ 50 ಎಂಎಂ ಲೆನ್ಸಿನದು ಎಫ್ 1.8. ಅದು ಒಳಬಿಡುವ ಬೆಳಕು ಸುಮಾರು ಹತ್ತು ಪಟ್ಟು. ದುಬಾರಿ ಪೂರ್ಣ ಚೌಕಟ್ಟಿಗೆ ಏರಿದರೆ ದಕ್ಕುವುದು ಎರಡೂಕಾಲು ಪಟ್ಟು ಚಿಲ್ಲರೆ. ಹಾಗಾಗಿ ಹೊಸ ಲೆನ್ಸಿಗೆ ಕೊಟ್ಟ ರೂಪಾಯಿಯಷ್ಟು ಬೆಳಕನ್ನು ಹೊಸ ಕ್ಯಾಮೆರಾ ಬಾಡಿಗಾಗಿ ಕೊಟ್ಟ ರೂಪಾಯಿ ತರುವುದಿಲ್ಲ. ಸೆನ್ಸರನ್ನೇ ಅಲುಗಿಸಿ ಕೈನಡುಕ ತಡೆಯುವ ತಂತ್ರ ಹಳೇ ಲೆನ್ಸಿಗೂ ದಕ್ಕುತ್ತದೆ ನಿಜ. ಆದರೆ ಅದು ನಿಮ್ಮ ಕೈ ನಡುಗುವುದನ್ನು ತಡೆದೀತು, ಪಲ್ಲಕ್ಕಿ ಹೊತ್ತವರ ಹೆಜ್ಜೆಯನ್ನಲ್ಲ.

2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಪಳ್ಳಿಕರಣೈ ಜೌಗಿನಲ್ಲಿ ರಾಜಹಂಸ ಹಿಡಿಯುವವರ ಲೆಕ್ಕ ಬೇರೆ. ಅಲ್ಲಿ ಬೆಳಗಿನ ಬೆಳಕು ಧಾರಾಳ, ತೊಂದರೆ ಇರುವುದು ದೂರದ್ದು. ಎಪಿಎಸ್-ಸಿ ಸೆನ್ಸರ್ ಚೌಕಟ್ಟನ್ನು ಸುತ್ತ ಕತ್ತರಿಸುವುದರಿಂದ 400 ಎಂಎಂ ಲೆನ್ಸು 600ರ ನೋಟ ಕೊಡುತ್ತದೆ. ಹಕ್ಕಿ ಕಣ್ಣು ಹುಡುಕುವ ಫೋಕಸ್ಸಿಗೆ ದುಡ್ಡು ಸುರಿಯುವುದು ಸಾರ್ಥಕವಾಗುವುದೂ ಇಂಥ ಕಡೆಯೇ. ಮೊಮ್ಮಕ್ಕಳು, ಯಾತ್ರೆ, ಬೀದಿಯ ಚಿತ್ರ ಅಂದರೆ ಜೋಳಿಗೆಯಲ್ಲಿ ಕೂರುವ ಚಿಕ್ಕದೇ ಸಾಕು.

ಚೆನ್ನೈಯಲ್ಲಿ ಯಾವುದನ್ನು ಕೊಂಡರೂ ಹವೆಯ ಜೊತೆ ಏಗಬೇಕು. ಬೀರುವಿನ ಹಳೇ ಲೆನ್ಸನ್ನು ಟಾರ್ಚಿಗೆ ಹಿಡಿದು ಹಿಂದಿನಿಂದ ನೋಡಿ. ಗಾಜಿನ ಅಂಚಿನಿಂದ ಜೇಡರ ಬಲೆಯಂತೆ ಕವಲೊಡೆದ ಎಳೆ ಕಂಡರೆ ಅದು ಬೂಷ್ಟು. ಅದು ಸ್ರವಿಸುವ ಆಮ್ಲ ಲೆನ್ಸಿನ ಲೇಪವನ್ನು ತಿನ್ನುತ್ತದೆ. ತೇವ ಹೀರಿ ಹಿಡಿದಿಡುವ ಚರ್ಮದ ಚೀಲ ಅದಕ್ಕೆ ಮೆಚ್ಚಿನ ಮನೆ. ಗಾಳಿಯ ಸಾಪೇಕ್ಷ ತೇವ ಶೇಕಡ 40ರಿಂದ 50ರ ನಡುವೆ ನಿಲ್ಲಿಸುವ ಡ್ರೈ ಕ್ಯಾಬಿನೆಟ್, ಇಲ್ಲವೇ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಬೇಕೇ ಬೇಕು. ಬೇಸಿಗೆಯಲ್ಲಿ ಇಲ್ಲಿನ ಗಾಳಿಯ ಇಬ್ಬನಿ ಬಿಂದು, ಅಂದರೆ ತೇವ ಹನಿಗಟ್ಟುವ ಉಷ್ಣತೆ, 25 ಡಿಗ್ರಿ ಮುಟ್ಟುವುದು ಸಾಮಾನ್ಯ. 22 ಡಿಗ್ರಿ ಎಸಿ ಕಾರಿನಿಂದ ತಣ್ಣಗಿನ ಕ್ಯಾಮೆರಾ ಹೊರತೆಗೆದರೆ ಗಾಜಿನ ಮೇಲೆ ತಕ್ಷಣ ಮಂಜು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಬಿಸಿಯಾದ ಮೇಲೆ ತೆಗೆಯುವುದೇ ದಾರಿ. ಮರೀನಾ ಗಾಳಿಯಲ್ಲಂತೂ ಲೆನ್ಸ್ ಬದಲಿಸಲೇಬೇಡಿ. ಉಪ್ಪಿನ ಹನಿಗೂ ಸೆನ್ಸರಿಗೂ ಅಡ್ಡ ನಿಲ್ಲಲು ಈಗ ಕನ್ನಡಿಯೂ ಇಲ್ಲ. ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುವ ಮಾಡೆಲ್ಲುಗಳಿವೆ, ಕೊಳ್ಳುವಾಗ ಕೇಳಿ ನೋಡಿ.

ಖರ್ಚು ನೋಡಿ ಹೆದರಿದವರು ನಾವೇ ಮೊದಲಿಗರಲ್ಲ. ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡಿನ ಗುಡಿಗಳ ಚಿತ್ರ ತೆಗೆದು, ಮರುವರ್ಷ ಮದರಾಸಿನ ಪ್ರದರ್ಶನದಲ್ಲಿಟ್ಟ. 1856ರಲ್ಲಿ ಮದರಾಸು ಸರ್ಕಾರದ ಛಾಯಾಗ್ರಾಹಕನಾದ. ಮುಂದೆ ಗವರ್ನರ್ ಚಾರ್ಲ್ಸ್ ಟ್ರೆವಿಲಿಯನ್ ಇದೆಲ್ಲ ದುಂದು ಎಂದು ಆ ಕೆಲಸವನ್ನೇ ನಿಲ್ಲಿಸಿದ. ಆದರೆ ಅಲೆಗ್ಸಾಂಡರ್ ಹಂಟರ್ ಎಂಬಾತ 1857ರಲ್ಲಿ ಕಟ್ಟಿದ ಮದರಾಸಿನ ಫೊಟೊಗ್ರಾಫಿಕ್ ಸೊಸೈಟಿ ಇಂದಿಗೂ ಇದೆ. ಸರ್ಕಾರ ಕೈಬಿಟ್ಟ ಹವ್ಯಾಸವನ್ನು ಹವ್ಯಾಸಿಗಳು ಬಿಡಲಿಲ್ಲ.

ಆದ್ದರಿಂದ ಕೊಳ್ಳುವ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳಿ. ಮೊದಲು ಬೂಷ್ಟಿಲ್ಲದ ಹಳೇ ಲೆನ್ಸ್ ಎಷ್ಟಿದೆ ನೋಡಿ, ಆಮೇಲೆ ತೇವ ತಡೆಯುವ ಡಬ್ಬಿ, ಆಮೇಲೆ ನಿಮ್ಮ ಬೆಳಕಿಗೆ ತಕ್ಕ ಒಂದು ಒಳ್ಳೆಯ ಲೆನ್ಸ್. ಬಾಡಿ ಕೊನೆಗೆ. ಎರಡು ಮೂರು ವರ್ಷ ಹಳೆಯ ಮಾಡೆಲ್ಲಾದರೂ ನಷ್ಟವಿಲ್ಲ. ಕನ್ನಡಿಯಿರುವ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗವಾಗಿವೆ. ಶಟರ್ ಎಷ್ಟು ಸಲ ಬಡಿದಿದೆ ಎಂದು ವಿಚಾರಿಸಿ ಕೊಂಡರೆ ಅವೂ ಚೆನ್ನಾಗಿ ಬಾಳುತ್ತವೆ. ಬಾಡಿ ಐದಾರು ವರ್ಷಕ್ಕೆ ಹಳತಾಗುತ್ತದೆ. ನಲವತ್ತು ವರ್ಷದ ಹಿಂದಿನ ಲೆನ್ಸು ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ದುಡ್ಡು ಯಾವುದಕ್ಕೆ ಹಾಕಬೇಕೆಂದು ಅದೇ ಹೇಳುತ್ತದೆ.